ಮಾಣಿಕ್ಯವೇಲು ಬಂಗಲೆಯಲ್ಲಿ ಒಂದು ಮಂಗಳವಾರ

ನಾನು ಚಳ್ಳಕೆರೆ ಕಡೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಬೆಂಗಳೂರಿಗೆ ಬರೋದು ಮದುವೆಗೋ ಗೃಹಪ್ರವೇಶಕ್ಕೋ, ಊಟ ಮುಗಿಸಿ ಸಂಜೆ ಬಸ್ಸು ಹತ್ತೋದು, ಇಷ್ಟೇ ಆಗಿತ್ತು. ಹೋದ ಸಲ ಒಂದು ದಿನ ಜಾಸ್ತಿ ಇಟ್ಟುಕೊಂಡು ಬಂದೆ, ಅರಮನೆ ರಸ್ತೆಯ ಎನ್‌ಜಿಎಂಎ, ಅಂದರೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ನೋಡಲೇಬೇಕು ಅಂತ.

ಬಂದದ್ದು ಸೋಮವಾರ. ಗೇಟು ಮುಚ್ಚಿತ್ತು. ಸೋಮವಾರ ರಜೆ ಅಂತ ಮೊದಲೇ ನೋಡಿಕೊಳ್ಳದಿದ್ದದ್ದು ನನ್ನದೇ ತಪ್ಪು, ಅಕ್ಕನ ಮನೆಯಲ್ಲಿ ಇನ್ನೊಂದು ರಾತ್ರಿ ಉಳಿದೆ.

ಮಾರನೇ ದಿನ ಅಕ್ಕನ ಮಗನನ್ನೂ ಎಳೆದುಕೊಂಡು ಹೋದೆ. ಟಿಕೆಟ್ 20 ರೂಪಾಯಿ. ಮಾಣಿಕ್ಯವೇಲು ಮೊದಲಿಯಾರ್ ಅವರ ಹಳೇ ಬಂಗಲೆ ಅದು, ಸುತ್ತ ದೊಡ್ಡ ದೊಡ್ಡ ಮರ. 2009ರಲ್ಲಿ ಗ್ಯಾಲರಿಯಾಗಿ ತೆರೆಯಿತು, ಪಕ್ಕದಲ್ಲಿ ಹೊಸ ಕಟ್ಟಡವನ್ನೂ ಸೇರಿಸಿದ್ದಾರೆ.

ಒಮ್ಮೆ ಮಕ್ಕಳ ಪ್ರವಾಸದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿದ್ದೆ. ಎಲ್ಲ ಚಿತ್ರ ನೋಡಿಬಿಡೋಣ ಅಂತ ಓಡಿದ್ದಕ್ಕೆ ನೆನಪಲ್ಲಿ ಉಳಿದದ್ದು ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣು ಒಂದೇ, ಅದೂ ಅದರ ಮುಂದೆ ಜನ ಮುತ್ತಿಕೊಂಡಿದ್ದರಿಂದ. ಹಾಗಾಗಿ ಈ ಸಲ ಬೇರೆ ಥರ ಮಾಡಿದೆ. ಮೊದಲು ಎಲ್ಲೂ ನಿಲ್ಲದೆ ಸುಮ್ನೆ ಒಂದು ಸುತ್ತು. ಪಕ್ಕದ ಚೀಟಿಯನ್ನೂ ಓದಲಿಲ್ಲ. ಆಮೇಲೆ ಯಾವುದು ಕಣ್ಣಲ್ಲಿ ನಿಂತಿತೋ ಅದರ ಮುಂದೆ ಮಾತ್ರ ವಾಪಸ್. ನನಗೆ ನಿಂತದ್ದು ನಾಲ್ಕು.

ಅದರಲ್ಲಿ ಬಂಗಾಳದ ಕಲಾವಿದ ಜಾಮಿನಿ ರಾಯ್ ಅವರ ಚಿತ್ರದ ಮುಂದೆಯೇ ಒಂದು ಗಂಟೆ ಹೋಯ್ತು. ಪಾಠ ಮಾಡುವಾಗ ಅಂಗೈ ಅಗಲದ ಅಚ್ಚಿನಲ್ಲಿ ತೋರಿಸಿದ್ದೇ ಹೊರತು ಎದುರಿಗೆ ನೋಡಿರಲಿಲ್ಲ. ದೂರದಿಂದ ನೋಡಿದರೆ ಮೀನಿನಂಥ ಉದ್ದ ಕಣ್ಣು, ದಪ್ಪ ಕಪ್ಪು ಗೆರೆ, ಮುಗೀತು. ಹತ್ತಿರ ಹೋದಾಗ ಗೆರೆ ಎಲ್ಲಿ ದಪ್ಪವಾಗುತ್ತೆ, ಕುಂಚ ಎಲ್ಲಿ ಸಣ್ಣಗೆ ಎತ್ತಿದೆ ಎಲ್ಲ ಕಾಣುತ್ತೆ. ಬಣ್ಣ ಹೊಳೆಯೋದೇ ಇಲ್ಲ, ಸುಣ್ಣದ ಗೋಡೆ ಥರ ಮಂಕು. ಕಲ್ಕತ್ತಾದ ಆರ್ಟ್ ಸ್ಕೂಲಿನಲ್ಲಿ ಯುರೋಪಿನ ಶೈಲಿ ಕಲಿತು, ಎಣ್ಣೆ ಬಣ್ಣದಲ್ಲಿ ಪೋರ್ಟ್ರೇಟ್ ಬರೆದು ಹೆಸರು ಮಾಡಿದ್ದ ಮನುಷ್ಯ, 1920ರ ದಶಕದಲ್ಲಿ ಅದನ್ನೆಲ್ಲ ಬಿಟ್ಟು ಕಾಳಿಘಾಟ್ ಗುಡಿಯ ಹತ್ತಿರ ಪಟ ಬರೆದು ಮಾರುತ್ತಿದ್ದ ಜನಪದ ಕಲಾವಿದರ ದಾರಿ ಹಿಡಿದರು. ದೀಪದ ಮಸಿ, ಮಣ್ಣು, ಕಲ್ಲಿನ ಪುಡಿ, ಹುಣಸೆ ಬೀಜದ ಅಂಟು, ಇವೇ ಸಾಮಾನು.

"ಮಾವ, ಇದ್ರಲ್ಲಿ ಅಷ್ಟೊತ್ತು ಏನ್ ನೋಡೋದು?" ಅಂದ ಹುಡುಗ. ಹುಣಸೆ ಬೀಜದ ವಿಷಯ ಹೇಳಿದೆ. "ನಮ್ಮೂರಲ್ಲಿ ಕಂಬಳಿಗೆ ಹಾಕ್ತಾರಲ್ಲ ಗಂಜಿ, ಅದಾ?" ಅಂತ ಮೊಬೈಲ್ ಜೇಬಿಗಿಟ್ಟು ಹತ್ತಿರ ಬಂದ.

ಕಾವಲಿನವರನ್ನು ಕೇಳಿಕೊಂಡು ಪೆನ್ಸಿಲ್ಲಿನಲ್ಲಿ ಆ ಕಣ್ಣನ್ನು ಬರೆದುಕೊಂಡೆ. ಐದು ಸಲ ಬರೆದರೂ ಬರಲಿಲ್ಲ. ಫೋಟೋ ತೆಗೆದಿದ್ದರೆ ಈ ಸೋಲು ಗೊತ್ತೇ ಆಗ್ತಿರಲಿಲ್ಲ, ಅಲ್ವಾ?

ಮಧ್ಯಾಹ್ನ ಮರದ ಕೆಳಗೆ ಒಂದು ಗಂಟೆ ಸುಮ್ಮನೆ ಕೂತೆವು. ಕಾಲಿಗಿಂತ ಕಣ್ಣಿಗೇ ಸುಸ್ತು ಜಾಸ್ತಿ, ಇದನ್ನು ಯಾರೂ ಹೇಳಿರಲಿಲ್ಲ. ಆಮೇಲೆ ಟ್ಯಾಗೋರರ ಚಿತ್ರ, ಅರವತ್ತು ದಾಟಿದ ಮೇಲೆ ಚಿತ್ರಕ್ಕೆ ಇಳಿದವರು, ಅಲ್ಲೂ ಸ್ವಲ್ಪ ಹೊತ್ತು. ಹೊಸ ಕಟ್ಟಡದ ಅರ್ಧ ಹಾಗೇ ಉಳಿಯಿತು.

ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿಸಲು ಬಂದ ಹುಡುಗ ನನ್ನ ಪುಸ್ತಕ ಇಸ್ಕೊಂಡು, ಆರನೇ ಕಣ್ಣು ತಾನೇ ಬರೆದ. ನನ್ನ ಐದಕ್ಕಿಂತ ಪರವಾಗಿಲ್ಲ.