ಮೂತಿ ಹೊರಬರುವ ಮೊದಲೇ ಗೊಬ್ಬರ: ಬಾಳೆಯಲ್ಲಿ ನನ್ನ ಅನುಭವ

ಬಾಳೆಗೆ ಎಷ್ಟು ಗೊಬ್ಬರ ಹಾಕುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಯಾವಾಗ ಹಾಕುತ್ತೀರಿ ಅಂತ ಕೇಳುವವರು ಕಡಿಮೆ. ನನಗೆ ಎರಡನೇ ಪ್ರಶ್ನೆಯೇ ದೊಡ್ಡದು.

ಗೊನೆಯಲ್ಲಿ ಎಷ್ಟು ಚಿಪ್ಪು ಬರುತ್ತದೆ ಅನ್ನೋದು ಮೂತಿ (ಬಾಳೆಯ ಹೂವಿನ ಮೊಗ್ಗು) ಹೊರಗೆ ಕಾಣಿಸಿಕೊಂಡಾಗ ತೀರ್ಮಾನ ಆಗುವುದಿಲ್ಲ. ಅದಕ್ಕೂ ಎರಡು ಮೂರು ತಿಂಗಳು ಮೊದಲು, ಅಂದರೆ ಸಸಿ ನೆಟ್ಟು ಸುಮಾರು 3ರಿಂದ 5 ತಿಂಗಳಾಗುವ ಹೊತ್ತಿಗೆ, ಗಿಡದ ಒಳಗಿನ ಬೆಳೆಯುವ ತುದಿ ಹೊಸ ಎಲೆ ಹುಟ್ಟಿಸುವುದನ್ನು ಬಿಟ್ಟು ಹೂವಾಗಿ ತಿರುಗುತ್ತದೆ. ಆಗ ಗಿಡ ಹಸಿದಿದ್ದರೆ ಚಿಪ್ಪು ಕಡಿಮೆಯೇ. ಆಮೇಲೆ ಎಷ್ಟು ಸುರಿದರೂ ಕಾಯಿ ಸ್ವಲ್ಪ ದಪ್ಪ ಆಗಬಹುದು, ಚಿಪ್ಪಿನ ಲೆಕ್ಕ ಬದಲಾಗುವುದಿಲ್ಲ.

ಅದಕ್ಕೇ ನಾನು ಜಾಸ್ತಿ ಪಾಲನ್ನು ಎರಡನೇ ತಿಂಗಳಿಂದ ಐದನೇ ತಿಂಗಳೊಳಗೆ ಕೊಟ್ಟುಬಿಡುತ್ತೇನೆ. ನಾನು ಹಾಕುವುದು ಜಿ-9 (ಗ್ರ್ಯಾಂಡ್ ನೈನ್ ತಳಿ) ಅಂಗಾಂಶ ಕೃಷಿ ಸಸಿ, ಅಂದರೆ ಲ್ಯಾಬಿನಲ್ಲಿ ಬೆಳೆಸಿದ್ದು. ಗಿಡವೊಂದಕ್ಕೆ ಒಟ್ಟು 200 ಗ್ರಾಂ ಸಾರಜನಕ, 300 ಗ್ರಾಂ ಪೊಟ್ಯಾಶ್ ಅಂತ ಇಟ್ಟುಕೊಂಡು, ಮಣ್ಣು ಪರೀಕ್ಷೆ ನೋಡಿ ಹೆಚ್ಚು ಕಡಿಮೆ ಮಾಡುತ್ತೇನೆ. ಇಲ್ಲೊಂದು ಲೆಕ್ಕ ಸರಿಯಾಗಿ ಹಿಡಿಯಬೇಕು. 200 ಗ್ರಾಂ ಸಾರಜನಕ ಅಂದರೆ 200 ಗ್ರಾಂ ಯೂರಿಯಾ ಅಲ್ಲ. ಯೂರಿಯಾದಲ್ಲಿ ಸಾರಜನಕ ಇರೋದು ನೂರಕ್ಕೆ 46, ಹಾಗಾಗಿ ಸುಮಾರು 435 ಗ್ರಾಂ ಬೇಕು. ಚೀಲದಲ್ಲಿ ಬರುವ ಮ್ಯೂರಿಯೇಟ್ ಆಫ್ ಪೊಟ್ಯಾಶ್ ನೂರಕ್ಕೆ 60ರದ್ದು, 300 ಗ್ರಾಂ ಪೊಟ್ಯಾಶ್‌ಗೆ ಅದು 500 ಗ್ರಾಂ ಬೇಕು. ಸೂಪರ್ ಫಾಸ್ಫೇಟನ್ನು ಕೊಟ್ಟಿಗೆ ಗೊಬ್ಬರದ ಜೊತೆ ಗುಂಡಿಗೇ ಹಾಕಿ ಮುಗಿಸುತ್ತೇನೆ. ಅದರಲ್ಲಿರುವ ರಂಜಕ ಮಣ್ಣಲ್ಲಿ ಹೆಚ್ಚು ಓಡಾಡುವುದಿಲ್ಲ, ಬೇರಿನ ಹತ್ತಿರವೇ ಇರಬೇಕು.

ಬಾಳೆಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿರೋದು ಪೊಟ್ಯಾಶ್. ಯೂರಿಯಾ ಹಾಕಿದರೆ ಒಂದೇ ವಾರದಲ್ಲಿ ತೋಟ ಕಪ್ಪು ಹಸಿರಾಗಿ ಕಾಣುತ್ತೆ, ಅದಕ್ಕೇ ಜನ ಅದರ ಹಿಂದೆ ಬೀಳುತ್ತಾರೆ. ಪೊಟ್ಯಾಶ್ ಹಾಕಿದ್ದು ಹಾಗೆ ಕಣ್ಣಿಗೆ ಕಾಣುವುದಿಲ್ಲ, ಗೊನೆ ತೂಕ ಮಾಡುವಾಗ ಗೊತ್ತಾಗುತ್ತೆ. ಬರೀ ಯೂರಿಯಾದಲ್ಲಿ ಬೆಳೆದ ಗಿಡ ಎತ್ತರ ಇರುತ್ತೆ, ಕಾಂಡ ಮೆತ್ತಗಿರುತ್ತೆ, ಗೊನೆ ಭಾರ ಬಿದ್ದು ಗಾಳಿ ಬಂತು ಅಂದರೆ ಕೆಳಗೆ. ಪೊಟ್ಯಾಶ್ ಸಾಲದಿದ್ದರೆ ಹಳೆ ಎಲೆ ತುದಿಯಿಂದ, ಅಂಚಿನಿಂದ ಕಿತ್ತಳೆ ಹಳದಿಗೆ ತಿರುಗಿ ಒಣಗುತ್ತಾ ಬರುತ್ತೆ, ಕೊನೆಗೆ ನಡುದಿಂಡು ಮುರಿದು ಎಲೆ ಜೋತು ಬೀಳುತ್ತೆ. ಹಾಗಂತ ಪೊಟ್ಯಾಶ್ ಸುಮ್ನೆ ಸುರಿಯುವುದೂ ಸರಿಯಲ್ಲ. ಅತಿಯಾದರೆ ಗಿಡಕ್ಕೆ ಮೆಗ್ನೀಷಿಯಂ ಸಿಗದಂತೆ ಮಾಡುತ್ತೆ. ಆಗ ಹಳೆ ಎಲೆಯ ಅಂಚು ಹಸಿರಾಗೇ ಇದ್ದು, ಅಂಚಿಗೂ ನಡುದಿಂಡಿಗೂ ಮಧ್ಯದ ಜಾಗ ಮಾತ್ರ ಹಳದಿಯಾಗುತ್ತೆ. ಎರಡೂ ಹಳದಿಯೇ, ಆದರೆ ಒಂದರಲ್ಲಿ ಅಂಚು ಒಣಗುತ್ತೆ, ಇನ್ನೊಂದರಲ್ಲಿ ಅಂಚು ಹಸಿರು. ಇದನ್ನು ನೋಡಿಕೊಂಡೇ ಮುಂದಿನ ಕಂತು ನಿರ್ಧರಿಸುತ್ತೇನೆ. ಹೊಸ ಎಲೆ ಕಿರಿದಾಗಿ ಬಿಳಿ ಪಟ್ಟೆ ಬಂದರೆ ಸತು ಕಡಿಮೆ ಅಂತ ಅನುಮಾನ ಪಡುತ್ತೇನೆ, ಲಘು ಪೋಷಕಾಂಶ (ಗಿಡಕ್ಕೆ ತೀರಾ ಸ್ವಲ್ಪ ಸಾಕಾಗುವಂಥದ್ದು) ಸಿಂಪಡಿಸುತ್ತೇನೆ.

ಡ್ರಿಪ್ ಇರುವ ಕಡೆ ವಾರವಾರ ಸ್ವಲ್ಪ ಸ್ವಲ್ಪ ಕೊಡುತ್ತೇನೆ. ತಿಂಗಳಿಗೊಮ್ಮೆ ರಾಶಿ ಹಾಕುವುದು ಒಂದು ದಿನ ಹೊಟ್ಟೆ ಬಿರಿಯ ಉಣಿಸಿ ಉಳಿದ ದಿನ ಉಪವಾಸ ಕೆಡವಿದ ಹಾಗೆ. ಮೊದಲು ಬರೀ ನೀರು, ಆಮೇಲೆ ಗೊಬ್ಬರ, ಕೊನೆಗೆ ಮತ್ತೆ ಬರೀ ನೀರು ಬಿಟ್ಟು ಪೈಪ್ ತೊಳೆಯುತ್ತೇನೆ. ಬಿಳಿ ಪೊಟ್ಯಾಶೇ ಬಳಸುತ್ತೇನೆ, ಕೆಂಪು ಕರಗಿದ ಮೇಲೆ ಕಸರು ಉಳಿದು ಡ್ರಿಪ್ ಕಟ್ಟಿಕೊಳ್ಳುತ್ತೆ. ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕದ ಗೊಬ್ಬರದ ಜೊತೆಗಾಗಲೀ ಸಲ್ಫೇಟ್ ಜೊತೆಗಾಗಲೀ ಒಂದೇ ಡ್ರಮ್ಮಿಗೆ ಹಾಕುವುದೇ ಇಲ್ಲ, ಗಟ್ಟಿಯಾಗಿ ತಳ ಹಿಡಿಯುತ್ತೆ.

ಡ್ರಿಪ್ ಇಲ್ಲದ ಕಡೆ ಗಿಡದಿಂದ ಒಂದು, ಒಂದೂವರೆ ಅಡಿ ಬಿಟ್ಟು ಸುತ್ತ ಹಾಕಿ, ಮೇಲೆ ತೆಳ್ಳಗೆ ಮಣ್ಣು ಎಳೆದು ಕೂಡಲೇ ನೀರು ಕೊಡುತ್ತೇನೆ. ಯೂರಿಯಾ ಬಿಸಿಲಲ್ಲಿ ಮೇಲೇ ಬಿದ್ದಿದ್ದರೆ ಒಂದು ಪಾಲು ಗಾಳಿಗೆ ಹೋಯ್ತು ಅಂದುಕೊಳ್ಳಿ. ಆಳವಾಗಿ ಅಗೆಯಬೇಡಿ. ಬಾಳೆಯ ಬೇರು ಬಹುಪಾಲು ಮೇಲಿನ ಒಂದಡಿ ಮಣ್ಣಲ್ಲೇ ಇರುತ್ತೆ, ಗುದ್ದಲಿ ಏಟಿಗೆ ಗೊಬ್ಬರ ತಿನ್ನುವ ಬೇರುಗಳೇ ಕಡಿದು ಹೋಗುತ್ತವೆ. ಪಕ್ಕದ ಮರಿಗಳನ್ನೂ ಆಗಾಗ ತೆಗೆಯುತ್ತೇನೆ, ಇಲ್ಲದಿದ್ದರೆ ತಾಯಿಗೆ ಹಾಕಿದ್ದರಲ್ಲಿ ಅವೂ ಪಾಲು ಕೇಳುತ್ತವೆ, ಅಲ್ವಾ?

ಮೂತಿ ಹೊರಬಂದ ಮೇಲೆ ಹೊಸ ಎಲೆ ಬರುವುದಿಲ್ಲ. ಆಗ ಗಿಡದಲ್ಲಿರುವ ಎಲೆಗಳೇ ಕಾಯಿ ತುಂಬಿಸಬೇಕು. ಹನ್ನೆರಡರ ಆಸುಪಾಸು ಹಸಿರೆಲೆ ಇದ್ದರೆ ನನಗೆ ನೆಮ್ಮದಿ. ಈ ಹಂತದಲ್ಲೂ ಸಾರಜನಕ, ಪೊಟ್ಯಾಶ್ ಪೂರ್ತಿ ನಿಲ್ಲಿಸುವುದಿಲ್ಲ, ಕಡಿಮೆ ಮಾಡುತ್ತೇನೆ. ಕೊನೆಯ ಚಿಪ್ಪು ಬಿಚ್ಚಿಕೊಂಡ ಮೇಲೆ ಮೂತಿ ಮುರಿದು, ಲೀಟರ್ ನೀರಿಗೆ 5 ಗ್ರಾಂ ಪೊಟ್ಯಾಷಿಯಂ ಸಲ್ಫೇಟ್ ಕಲಸಿ ಗೊನೆಗೆ ಸಿಂಪಡಿಸುತ್ತೇನೆ.

ಕೂಳೆ ಬೆಳೆಗೆ (ತಾಯಿ ಬುಡದ ಮರಿಯಿಂದ ಬರುವ ಮುಂದಿನ ಬೆಳೆಗೆ) ಒಂದು ಮರಿ ಬಿಟ್ಟಿದ್ದರೆ, ಗೊನೆ ಕಡಿದ ಕೂಡಲೇ ತಾಯಿ ಗಿಡವನ್ನು ಬುಡಕ್ಕೆ ಕಡಿಯುವುದಿಲ್ಲ. ಅದರಲ್ಲಿ ಉಳಿದ ನೀರು, ಪೋಷಕಾಂಶ ಮರಿಗೆ ಇಳಿಯುತ್ತೆ. ಕಾಂಡ, ಎಲೆಯಲ್ಲಿ ಪೊಟ್ಯಾಶ್ ತುಂಬಾ ಇರುತ್ತೆ. ಒಣಗುತ್ತಾ ಬಂದ ಹಾಗೆ ಕೊಚ್ಚಿ ಸಾಲಿನ ನಡುವೆ ಹರಡುತ್ತೇನೆ, ರೋಗ ಬಂದ ಗಿಡವನ್ನು ಮಾತ್ರ ತೋಟದಿಂದ ಹೊರಗೆ ಹಾಕುತ್ತೇನೆ. ಕೂಳೆಗೆ ಪೊಟ್ಯಾಶ್ ಎಷ್ಟು ಇಳಿಸಬಹುದು ಅನ್ನೋದನ್ನು ಮತ್ತೆ ಮಣ್ಣು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸುತ್ತೇನೆ.