ಹಳೇ ಪ್ರಶ್ನೆಯನ್ನೇ ಮತ್ತೆ ಕೇಳಿದ್ದು: ನನ್ನ ಅನುಭವ

ಕನ್ನಡಕ ಹಾಕಿದರೆ ಕಾಣಿಸುತ್ತೆ, ಅದರಲ್ಲಿ ಅಳೆಯೋದೇನಿದೆ ಅಂತ ನನ್ನ ಜೊತೆ ಓದಿದವರೇ ನಕ್ಕಿದ್ದರು. ದೃಷ್ಟಿ 6/24 ಇದ್ದದ್ದು 6/6, ಅಂದರೆ ಮಾಮೂಲಿ, ಆಯ್ತು, ಕೇಸ್ ಮುಗೀತು. ಆದರೆ ಶಾಲೆ ಮಕ್ಕಳಿಗೆ ಕನ್ನಡಕ ಕೊಡುವ ನಮ್ಮ ಕ್ಯಾಂಪಿಗೆ ದುಡ್ಡು ಕೊಟ್ಟವರು ಕೇಳಿದ್ದು ಬೇರೆ: ಮಗುವಿನ ದಿನ ಏನಾದರೂ ಬದಲಾಯ್ತಾ?

ಗದಗ ಕಡೆಯ ಏಳೆಂಟು ಸರ್ಕಾರಿ ಶಾಲೆ, ಐದರಿಂದ ಎಂಟನೇ ತರಗತಿ, ಕನ್ನಡಕ ಬೇಕಾದವರು ಸುಮಾರು 140 ಮಕ್ಕಳು. ಮಕ್ಕಳ ಬದುಕಿನ ಗುಣಮಟ್ಟ ಅಳೆಯಲು ನಾವೆಲ್ಲ ಬಳಸುವ ಪ್ರಶ್ನಾವಳಿ ಪೆಡ್ಸ್‌ಕ್ಯೂಎಲ್ ತಗೊಂಡೆ. 23 ಪ್ರಶ್ನೆ, ಸೊನ್ನೆಯಿಂದ ನಾಲ್ಕು, ತಿರುಗಿಸಿ ನೂರಕ್ಕೆ ಲೆಕ್ಕ, ಅಂದರೆ ಕಷ್ಟ ಕಮ್ಮಿ ಇದ್ದಷ್ಟೂ ಅಂಕ ಜಾಸ್ತಿ. ಕನ್ನಡಕಕ್ಕೆ ಮೊದಲು ಸರಾಸರಿ 84ರ ಆಸುಪಾಸು. ಮೂರು ತಿಂಗಳಾದ ಮೇಲೆ 85. ಒಂದೇ ಒಂದು ಅಂಕ! "ನಿನ್ನ ಕನ್ನಡಕಕ್ಕಿಂತ ಬಿಸಿಯೂಟದ ಮೊಟ್ಟೆನೇ ವಾಸಿ" ಅಂದ ಒಬ್ಬ ಗೆಳೆಯ.

ತಪ್ಪು ನನ್ನದೂ ಇತ್ತು. ಇಡೀ ತರಗತಿಗೆ ಫಾರ್ಮ್ ಹಂಚಿ ತುಂಬಿ ಅಂದಿದ್ದೆ. ಬೋರ್ಡ್ ಕಾಣಿಸದ ಮಗು ಪಕ್ಕದವನದ್ದು ನೋಡಿ ಬರೆಯಿತು, ಅದಕ್ಕೆ ಅದೇ ರೂಢಿ ಅಲ್ವಾ! ಮೊದಲ ಪ್ರಶ್ನೆಯಲ್ಲಿ 'ಬ್ಲಾಕ್' ಅನ್ನೋ ಪದ ಹಾಗೇ ಉಳಿದಿತ್ತು. ಒಂದು ಬ್ಲಾಕ್‌ಗಿಂತ ಜಾಸ್ತಿ ನಡೆಯಲು ಕಷ್ಟವಾ ಅಂದರೆ, ನಮ್ಮಲ್ಲಿ ಬ್ಲಾಕ್ ಅಂದರೆ ಇಡೀ ತಾಲ್ಲೂಕು. ಮಕ್ಕಳೆಲ್ಲ ಭಾರೀ ಕಷ್ಟ ಅಂತ ಗುರುತು ಹಾಕಿದ್ದರು. ಪ್ರಿಂಟಿಂಗ್‌ಗೆ ಕೊಟ್ಟ ಆರು ಸಾವಿರ ನೀರಲ್ಲಿ ಹೋಯ್ತು.

ಫ್ರೇಮ್ ಕಥೆ ಇನ್ನೂ ಬೇಜಾರು. ಹೋಲ್‌ಸೇಲ್‌ನಲ್ಲಿ ಅಗ್ಗ ಅಂತ ಒಂದೇ ಅಳತೆಯ ಕಪ್ಪು ಫ್ರೇಮ್ ತಂದೆ, ಹದಿನೈದು ಸಾವಿರದ ಮಾಲು. ಎಲ್ಲ ಮೂಗಿನ ತುದಿಗೆ ಜಾರುತ್ತಿದ್ದವು. 'ಸೋಡಾಬುಡ್ಡಿ' ಅಂತ ಹೆಸರೂ ಬಿತ್ತು. ಹೇಳದೆ ಕೇಳದೆ ಶಾಲೆಗೆ ಹೋಗಿ ನೋಡಿದರೆ ಹಾಕಿಕೊಂಡಿದ್ದವರು ಮೂರರಲ್ಲಿ ಒಬ್ಬರೂ ಇಲ್ಲ. ಒಂದು ಮನೆಯಲ್ಲಂತೂ ತಾಯಿ ಅದನ್ನು ಟ್ರಂಕಿನಲ್ಲಿ ಇಟ್ಟಿದ್ದರು, ಜಾತ್ರೆಗೆ ಹಾಕಲಿ ಅಂತ. ಹಾಕದ ಕನ್ನಡಕದಿಂದ ಎಂಥ ಬದಲಾವಣೆ ಬರುತ್ತೆ? ಎರಡನೇ ಸಲ ಬಣ್ಣ ಬಣ್ಣದ ಫ್ರೇಮ್ ತಂದು ಮಕ್ಕಳಿಗೇ ಆರಿಸಲು ಬಿಟ್ಟೆ. ಒಂದಕ್ಕೆ ಲೆನ್ಸ್ ಸೇರಿ 280 ರೂಪಾಯಿ ಆಯ್ತು. ಹಾಕುವವರು ಅರ್ಧಕ್ಕಿಂತ ಜಾಸ್ತಿ ಆದರು.

ಆದರೂ ಅಂಕ ಅಲುಗಲಿಲ್ಲ. ಕಾರಣ ಗೊತ್ತಾಗಿದ್ದು ಏಳನೇ ತರಗತಿಯ ಒಬ್ಬ ಹುಡುಗಿಯಿಂದ. "ಬೋರ್ಡ್ ಎಲ್ಲಾರಿಗೂ ಹಂಗ ಕಾಣತೈತಿ ಅಂತ ತಿಳಕೊಂಡಿದ್ದೆ ಸರ್" ಅಂದಳು. ಮೊದಲ ಸಲ ಅವಳು ತನಗೆ ಏನೂ ಕಷ್ಟ ಇಲ್ಲ ಅಂತ ಬರೆದಿದ್ದು ಸುಳ್ಳಲ್ಲ. ಕಷ್ಟ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ನಾನು ನಂಬಿಕೊಂಡಿದ್ದ 84 ಅನ್ನೋ ಸಂಖ್ಯೆಯೇ ಪೊಳ್ಳು.

ಹಾಗಾಗಿ ಮೂರು ತಿಂಗಳಾದ ಮೇಲೆ ಅದೇ ಪ್ರಶ್ನೆಗಳನ್ನು ಎರಡು ಸಲ ಕೇಳಿದೆವು. ಈಗ ಹೇಗಿದೆ? ಈಗ ಯೋಚಿಸಿದರೆ, ಕನ್ನಡಕ ಬರೋ ಮೊದಲು ಹೇಗಿತ್ತು? ಬದುಕಿನ ಗುಣಮಟ್ಟ ಅಳೆಯುವವರು ಇದಕ್ಕೆ ದೆನ್‌ಟೆಸ್ಟ್ ಅನ್ನುತ್ತಾರೆ, ನಾನು ಕಂಡುಹಿಡಿದದ್ದಲ್ಲ. ಆದರೆ ನಮ್ಮ ಸುತ್ತಮುತ್ತ ಇದನ್ನು ಮಾಡಿದವರನ್ನು ನಾನಂತೂ ನೋಡಿಲ್ಲ. ಶಾಲೆಗೆ ಸಂಬಂಧಿಸಿದ ಐದು ಪ್ರಶ್ನೆಗಳಲ್ಲಿ ಈಗಿನದು 83ರ ಹತ್ತಿರ, 'ಆಗಿನದು' ಅರವತ್ತೇ ಚಿಲ್ಲರೆ.

ಲೆಕ್ಕ ಬಲ್ಲ ಸ್ನೇಹಿತ ಒಪ್ಪಲಿಲ್ಲ. ಕನ್ನಡಕ ಕೊಟ್ಟವನೇ ಎದುರಿಗೆ ಕೂತು ಕೇಳಿದರೆ ಮಗು ಇನ್ನೇನು ಹೇಳೀತು ಅಂದ. ಮಾತು ಸರಿಯೇ. ಮಕ್ಕಳು ನೋಡಿರದ ಒಬ್ಬಳನ್ನು ದಿನಕ್ಕೆ 500 ಕೊಟ್ಟು ಕೂರಿಸಿದೆ. ಒಬ್ಬೊಬ್ಬರನ್ನೇ ಕರೆದು, ಓದಿ ಹೇಳಿ, ಉತ್ತರ ಅವಳೇ ಬರೆದುಕೊಂಡಳು. ಅಷ್ಟರಲ್ಲಿ ಎರಡು ಶಾಲೆಯ ಲೆನ್ಸ್ ಏಳು ವಾರ ತಡವಾದವು. ಲ್ಯಾಬಿನವರ ಜೊತೆ ಫೋನಿನಲ್ಲಿ ಕಿತ್ತಾಡಿದೆ. ಆಮೇಲೆ ಹೊಳೆಯಿತು, ಈ ನಲವತ್ತು ಮಕ್ಕಳು ಕನ್ನಡಕ ಇಲ್ಲದೇ ಕಾಯುತ್ತಿದ್ದಾರಲ್ಲ! ಬೇಕಂತಲೇ ಯಾರನ್ನೂ ಕಾಯಿಸುವುದು ನನ್ನಿಂದ ಆಗದ ಕೆಲಸ, ಇದು ತಾನಾಗಿ ಬಂತು. ಕನ್ನಡಕ ಕೈಗಿಡುವ ದಿನ ಮೊದಲು ಅವರಿಗೂ ಈಗ-ಆಗ ಎರಡೂ ಕೇಳಿಸಿದೆ, ಅವರಿಗೆ 'ಆಗ' ಅಂದರೆ ಕಣ್ಣು ಪರೀಕ್ಷೆ ಮಾಡಿದ ದಿನ. ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಉತ್ತರ. ಅಂದರೆ ಬರೀ ಹೀಗೆ ಕೇಳಿದ್ದಕ್ಕೇ ಈಗ-ಆಗದ ವ್ಯತ್ಯಾಸ ಹುಟ್ಟಿರಲಿಲ್ಲ. ಸ್ನೇಹಿತ ಆಮೇಲೆ ಸುಮ್ಮನಾದ.

ನಡುವೆ ಕ್ಯಾಚ್ ಹಿಡಿಸಿಯೂ ನೋಡಿದೆ, ಒಬ್ಬರಿಗೆ ಹತ್ತು ಎಸೆತ. ಏನೂ ಉಪಯೋಗ ಆಗಲಿಲ್ಲ. ಒಡೆದರೆ ಅಪ್ಪ ಬೈತಾರೆ ಅಂತ ಮಕ್ಕಳು ಕನ್ನಡಕ ತೆಗೆದಿಟ್ಟೇ ಆಡಿದರು. ಫಾರ್ಮಿನಲ್ಲಿ ಓಟ-ಆಟದ ಪ್ರಶ್ನೆಗಳ ಅಂಕ ಕನ್ನಡಕ ಬಂದ ಮೇಲೆ ಮೂರ್ನಾಲ್ಕು ಇಳಿದದ್ದು ಯಾಕೆ ಅಂತ ಆಗ ಗೊತ್ತಾಯ್ತು. ಹನ್ನೆರಡು ರೂಪಾಯಿಯ ಎಲಾಸ್ಟಿಕ್ ದಾರ ಕಟ್ಟಿಕೊಟ್ಟೆ, ಮುಂದಿನ ಸಲ ಅಂಕ ವಾಪಸ್ ಬಂತು.

ಒಟ್ಟು ಖರ್ಚು ಒಂದು ಲಕ್ಷದ ಹತ್ತು ಸಾವಿರ ಇರಬಹುದು, ಅದರಲ್ಲಿ ಮೂವತ್ತು ಸಾವಿರ ನನ್ನ ಜೇಬಿನದು. ಪೆಡ್ಸ್‌ಕ್ಯೂಎಲ್ ಜೊತೆಗೆ ನನ್ನದೇ ಐದು ಪ್ರಶ್ನೆ ಸೇರಿಸಿದ್ದೆ. ಅವನ್ನು ಬೇರೆಯಾಗಿ ಲೆಕ್ಕ ಹಾಕಿದೆ. ಪಕ್ಕದವರ ನೋಟ್‌ಬುಕ್ ನೋಡಿ ಬರೀತೀಯಾ, ಬಸ್ಸಿನ ಬೋರ್ಡ್ ಯಾರನ್ನಾದರೂ ಕೇಳ್ತೀಯಾ, ಅಡ್ಡಹೆಸರು ಇಟ್ಟಿದ್ದಾರಾ. ಇನ್ನೆರಡು ಇಲ್ಲಿ ಬರೆಯಲ್ಲ, ಜಾಸ್ತಿ ವ್ಯತ್ಯಾಸ ತೋರಿಸಿದ್ದು ಅವೇ.

ಮೊಟ್ಟೆ ವಾಸಿ ಅಂದಿದ್ದವನು ಕಳೆದ ವಾರ ಫಾರ್ಮ್ ಕಳಿಸು ಅಂತ ಮೆಸೇಜ್ ಹಾಕಿದ್ದ. ಮೂರು ಪ್ರಶ್ನೆ ಕಳಿಸಿದ್ದೇನೆ.