ಅಳತೆ ಬುಕ್ಕಿನ ಕೊನೆಯ ಎರಡು ಪುಟ

ಗದಗ-ಬೆಟಗೇರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಜಂಪರ್, ಲಂಗ, ಶಾಲೆಯ ಯೂನಿಫಾರ್ಮ್, ಮದುವೆ ಸೀಜನ್ ಬಂದರೆ ಡಿಸೈನ್ ಬ್ಲೌಸ್. ಮಷೀನಿನ ಪಕ್ಕದಲ್ಲಿ ಯಾವಾಗಲೂ ಒಂದು ಅಳತೆ ಬುಕ್ಕು ಇರುತ್ತದೆ. ಅದರಲ್ಲಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಸಾಲು. ಹೆಸರು, ಅಳತೆ, ಮುಂಗಡ ಎಷ್ಟು ಕೊಟ್ಟರು, ಕೊಡುವ ದಿನ ಯಾವುದು. ಈ ನಾಲ್ಕೂ ಇಲ್ಲದೆ ನಾನು ಯಾರ ಬಟ್ಟೆಯನ್ನೂ ಇಟ್ಟುಕೊಳ್ಳುವುದಿಲ್ಲ.

2021ರ ಜನವರಿಯಲ್ಲಿ ಅದೇ ಬುಕ್ಕಿನ ಕೊನೆಯ ಪುಟಗಳಲ್ಲಿ ನಾನು ಮಾಡಬೇಕು ಅಂದುಕೊಂಡದ್ದನ್ನೆಲ್ಲ ಬರೆದೆ. ಇಪ್ಪತ್ತೊಂದು ಸಾಲು ಆಯಿತು. ಆಗ ನನಗೆ ನಲವತ್ಮೂರು. ಓದು ಮುಗಿಸಬೇಕು. ಗಾಡಿ ಕಲಿಯಬೇಕು. ಕುಮಾರವ್ಯಾಸನನ್ನು ಓದಬೇಕು. ಮಾಗಡಿ ಕೆರೆಯ ಹಕ್ಕಿ ನೋಡಬೇಕು. ಕಸೂತಿ. ಕಪ್ಪತಗುಡ್ಡ. ನನ್ನ ಹೆಸರಲ್ಲಿ ಸ್ವಲ್ಪ ದುಡ್ಡು. ಹೀಗೆ.

ಒಂಬತ್ತು ತಿಂಗಳು ಹೋಯಿತು. ಒಂದೂ ಆಗಲಿಲ್ಲ.

ಆ ವರ್ಷದ ಆಯುಧಪೂಜೆಯ ದಿನ ಮಷೀನಿಗೆ ಪೂಜೆ ಮಾಡಿ ಸುಮ್ನೆ ಕೂತಿದ್ದೆ. ಆ ದಿನ ಮಷೀನ್ ತುಳಿಯುವುದಿಲ್ಲ ನಾವು. ಬುಕ್ಕು ತಿರುವಿ ಹಾಕುತ್ತಿದ್ದಾಗ ಎರಡೂ ಕಣ್ಣಿಗೆ ಬಿದ್ದವು: ಮುಂದಿನ ಪುಟಗಳಲ್ಲಿ ಗಿರಾಕಿಗಳ ಸಾಲು, ಹಿಂದಿನ ಪುಟಗಳಲ್ಲಿ ನನ್ನ ಸಾಲು. ಬೇರೆಯವರ ಒಂದು ಸಾದಾ ಜಂಪರಿಗೂ ಅಳತೆ ಇದೆ, ಮುಂಗಡ ಇದೆ, ದಿನ ಇದೆ. ನನ್ನ ಸಾಲಿನಲ್ಲಿ ಬರೀ ಹೆಸರು. ‘ಓದು ಮುಗಿಸಬೇಕು’ ಅಂದರೆ ಯಾವ ಓದು, ಯಾವಾಗ? ಇಂಥ ಆರ್ಡರ್ ಬೇರೆ ಯಾರಾದರೂ ತಂದಿದ್ದರೆ ನಾನೇ ವಾಪಸ್ ಕಳಿಸುತ್ತಿದ್ದೆ, ಅಲ್ವಾ? ಅವತ್ತು ಸಂಜೆಯೊಳಗೆ ಇಪ್ಪತ್ತೊಂದನ್ನೂ ಗಿರಾಕಿಯ ಬಟ್ಟೆ ಬರೆದ ಹಾಗೆ ಮತ್ತೆ ಬರೆದೆ.

ಬರೆಯುವಾಗಲೇ ಮೂರು ಸಾಲು ಬಿದ್ದುಹೋದವು. ಎಲ್ಲ ಟೇಲರ್ ಹತ್ತಿರವೂ ಯಾರೂ ಒಯ್ಯದ ಬಟ್ಟೆಯ ಒಂದು ಗಂಟು ಇರುತ್ತದೆ. ಹೊಲಿದು ಇಟ್ಟಿರುತ್ತೇವೆ, ತೊಡುವವರು ಬರುವುದೇ ಇಲ್ಲ. ಬಂಗಾರದ ಪಾಟ್ಲಿ ಬಳೆ ಮಾಡಿಸಬೇಕು ಅಂತ ಬರೆದಿದ್ದೆ. ಕೊಡುವ ದಿನದ ಕಡೆ ಪೆನ್ನು ಇಟ್ಟಾಗ ಗೊತ್ತಾಯಿತು, ಅದು ನನ್ನ ಆಸೆ ಅಲ್ಲ, ಮದುವೆ ಮನೆಗಳಲ್ಲಿ ಕೇಳಿ ಕೇಳಿ ನನ್ನದು ಅಂದುಕೊಂಡದ್ದು. ಇನ್ನೆರಡೂ ಅಂಥವೇ. ಉಳಿದವು ಹದಿನೆಂಟು.

ಮೊದಲು ಹಿಡಿದದ್ದು ಸುಲಭದ್ದು. ‘ಹಕ್ಕಿ ನೋಡಬೇಕು’ ಅನ್ನುವುದನ್ನು ‘ಜನವರಿ ಎರಡನೇ ಭಾನುವಾರ, ಮುಂಜಾನೆಯ ಮೊದಲ ಬಸ್ಸು’ ಅಂತ ಮಾಡಿದೆ. ಮಾಗಡಿ ಕೆರೆ ಗದಗದಿಂದ 26 ಕಿಲೋಮೀಟರ್, ಶಿರಹಟ್ಟಿ ತಾಲೂಕಿನಲ್ಲಿ. ಚಳಿಗಾಲಕ್ಕೆ ಅಲ್ಲಿಗೆ ಪಟ್ಟೆ ತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟೆ. ಸುತ್ತಲಿನ ಹೊಲಗಳಲ್ಲಿ ಮೇದು ಗುಂಪು ಗುಂಪಾಗಿ ಕೆರೆಗೆ ಇಳಿಯುವಾಗ ಆ ಸದ್ದು ಕೇಳಬೇಕು. ನಲವತ್ಮೂರು ವರ್ಷ ಇಷ್ಟು ಹತ್ತಿರದಲ್ಲಿದ್ದು ನಾನು ನೋಡಿರಲಿಲ್ಲ. ಈಗ 2024ರಿಂದ ಅದು ರಾಮ್ಸಾರ್ ಪಟ್ಟಿಯಲ್ಲಿದೆ. ಅಂದರೆ ಜಗತ್ತಿಗೇ ಮುಖ್ಯವಾದ ಕೆರೆ ಅಂತ ಲೆಕ್ಕ. ಆ ಸಾಲಿನ ಮೇಲೆ ಗೆರೆ ಎಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಗಾಡಿ ಕಲಿತದ್ದು ಮುಂಗಡದಿಂದ. ಡ್ರೈವಿಂಗ್‌ಗೆ ಮೊದಲು ಎಲ್‌ಎಲ್ ಅಂದರೆ ಕಲಿಯುವವರ ಲೈಸೆನ್ಸ್ ತೆಗೆಯಬೇಕು. ಅದು ಆರು ತಿಂಗಳಿಗೆ ಮುಗಿಯುತ್ತದೆ, ಒಂದು ತಿಂಗಳಾದ ಮೇಲೆ ಟೆಸ್ಟ್ ಕೊಡಬಹುದು. ನಾನು ಗಾಡಿ ಮುಟ್ಟುವ ಮೊದಲೇ ಎಲ್‌ಎಲ್ ಮಾಡಿಸಿದೆ. ಫೀ ಕಟ್ಟಿದ್ದೇ ಮುಂಗಡ, ಆರು ತಿಂಗಳೇ ಕೊಡುವ ದಿನ. ಐದನೇ ತಿಂಗಳಲ್ಲಿ ಲೈಸೆನ್ಸ್ ಬಂತು. ಇದರಲ್ಲಿ ಹೇಳುವಂಥದ್ದು ಬೇರೆ ಏನೂ ಇಲ್ಲ. ಎರಡು ಸಲ ಬಿದ್ದೆ, ಮೊಣಕಾಲು ತರಚಿತು.

ಕುಮಾರವ್ಯಾಸನ ಬಗ್ಗೆ ಮಾತ್ರ ಜಾಸ್ತಿ ಹೇಳಬೇಕು. ಗದುಗಿನಲ್ಲಿ ಹುಟ್ಟಿ ಬೆಳೆದವರಿಗೆಲ್ಲ ವೀರನಾರಾಯಣನ ಗುಡಿಯ ಆ ಕಂಬ ಗೊತ್ತು. ಕವಿ ಮಿಂದು ಒದ್ದೆ ಬಟ್ಟೆಯಲ್ಲೇ ಆ ಕಂಬಕ್ಕೆ ಒರಗಿ ಕೂರುತ್ತಿದ್ದ, ಬಟ್ಟೆ ಒಣಗುವವರೆಗೆ ಭಾರತ ಹಾಡುತ್ತಿದ್ದ ಅಂತ ನಮ್ಮ ಕಡೆ ಹೇಳುತ್ತಾರೆ. ನಾನೂ ಸಣ್ಣವಳಿದ್ದಾಗ ಆ ಕಂಬ ಮುಟ್ಟಿ ನಮಸ್ಕಾರ ಮಾಡಿದವಳೇ. ಆದರೆ ಶಾಲೆಯ ಪುಸ್ತಕದಲ್ಲಿದ್ದ ನಾಲ್ಕಾರು ಪದ್ಯ ಬಿಟ್ಟರೆ ಅವನ ಭಾರತ ಓದಿರಲಿಲ್ಲ. ಇದು ನನ್ನನ್ನು ಬಹಳ ಚುಚ್ಚುತ್ತಿತ್ತು.

ಅರ್ಥ ಇರುವ ಪುಸ್ತಕ ಕೊಂಡೆ. ಅದು ಮುಂಗಡ. ದಿನಕ್ಕೆ ಒಂದು ಸಂಧಿ ಅಂತ ಅಳತೆ ಬರೆದೆ. ಒಂಬತ್ತನೇ ದಿನಕ್ಕೆ ನಿಂತಿತು. ಒಂದು ಸಂಧಿಯಲ್ಲಿ ಎಷ್ಟೋ ಸಲ ಐವತ್ತು, ಅರವತ್ತು ಪದ್ಯ. ರೊಟ್ಟಿ ಬಡಿದು, ನೀರು ಹಿಡಿದು, ಗಿರಾಕಿ ನೋಡಿ ಅಷ್ಟು ಓದಲು ಆಗುವುದಿಲ್ಲ. ಬಟ್ಟೆ ಬಿಗಿಯಾದರೆ ಗಿರಾಕಿಯನ್ನು ಬೈಯುತ್ತೇವಾ? ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತೇವೆ. ದಿನಕ್ಕೆ ಹತ್ತು ಪದ್ಯ ಅಂತ ತಿದ್ದಿದೆ. ಒಟ್ಟು ಎಂಟು ಸಾವಿರಕ್ಕೂ ಜಾಸ್ತಿ ಪದ್ಯ ಇವೆ. ಹತ್ತರಂತೆ ಎಂಟುನೂರು ದಿನದ ಮೇಲೆ. ಎರಡೂವರೆ ವರ್ಷ ಅಂದುಕೊಂಡು ದಿನ ಹಾಕಿದೆ. ಅಷ್ಟು ದೂರದ ದಿನ ಬರೆಯುವಾಗ ಕೈ ನಡುಗಿತ್ತು.

ಮೊದಲ ಎರಡು ತಿಂಗಳು ಅರ್ಥ ನೋಡದೆ ಒಂದು ಪದ್ಯವೂ ಒಳಗೆ ಇಳಿಯಲಿಲ್ಲ. ಆಮೇಲೆ ಒಂದು ದಿನ ಗಟ್ಟಿಯಾಗಿ ಓದುತ್ತ ಅಭ್ಯಾಸಬಲದಿಂದ ಕಾಲು ಆಡಿಸುತ್ತಿದ್ದೆ. ಭಾಮಿನಿ ಷಟ್ಪದಿಯ ನಡೆ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಮಷೀನಿನ ಪೆಡಲ್ ಮೇಲೆ ನನ್ನ ಕಾಲು ಅದೇ ನಡೆಯಲ್ಲಿ ಹೋಗುತ್ತಿತ್ತು! ಮೂರನೇ ಸಾಲಿನಲ್ಲೂ ಆರನೇ ಸಾಲಿನಲ್ಲೂ ಉದ್ದ ಎಳೆದು ನಿಲ್ಲುತ್ತದೆ, ಹೊಲಿಗೆಯ ಕೊನೆಯಲ್ಲಿ ದಾರ ಎಳೆದು ಕತ್ತರಿಸಿದ ಹಾಗೆ. ಅವತ್ತಿನಿಂದ ನಾನು ಕೂತು ಓದುವುದನ್ನು ಬಿಟ್ಟೆ. ಮುಂಜಾನೆ ಮಷೀನಿನ ಮುಂದೆ ಪುಸ್ತಕ ಇಟ್ಟು, ದಾರ ಹಾಕದೆ ಪೆಡಲ್ ತುಳಿಯುತ್ತ ಓದಿದೆ. ಪದಗಳು ತಾವಾಗಿ ಒಡೆದುಕೊಂಡವು. ಹಳೆಯ ಕಾವ್ಯ ಓದಲು ಹೆದರುವವರಿಗೆ ನಾನು ಹೇಳುವುದು ಇಷ್ಟೇ: ಬಾಯಿಬಿಟ್ಟು ಓದಿ, ಕಾಲಲ್ಲಿ ಎಣಿಸಿ.

ಕರ್ಣಪರ್ವ ಓದಿದ ದಿನಗಳಲ್ಲಿ ಅತ್ತಿದ್ದೇನೆ. ಮನೆಯವರು ಏನಾಯಿತು ಅಂತ ಒಳಗೆ ಬಂದು ನೋಡಿದ್ದರು. ಹತ್ತು ಪರ್ವಕ್ಕೆ ಕುಮಾರವ್ಯಾಸ ಕಾವ್ಯ ನಿಲ್ಲಿಸುತ್ತಾನೆ. ಹದಿನೆಂಟೂ ಪರ್ವ ಹೇಳುವುದಿಲ್ಲ. ನನ್ನ ಕೊನೆಯ ಹತ್ತು ಪದ್ಯವನ್ನು ಮನೆಯಲ್ಲಿ ಓದಲಿಲ್ಲ. 2024ರ ಡಿಸೆಂಬರಿನ ಒಂದು ಮುಂಜಾನೆ ತಲೆ ಮಿಂದು ಒದ್ದೆ ಕೂದಲಲ್ಲೇ ಗುಡಿಗೆ ಹೋಗಿ ಆ ಕಂಬದ ಹತ್ತಿರ ಕೂತು ಓದಿದೆ. ಮುಗಿದಾಗ ಕೂದಲು ಇನ್ನೂ ಪೂರ್ತಿ ಒಣಗಿರಲಿಲ್ಲ.

ಎರಡೂವರೆ ವರ್ಷದ್ದು ಮೂರು ವರ್ಷದ ಮೇಲಾಯಿತು. ಕಾರಣ ಎಸ್ಸೆಸ್ಸೆಲ್ಸಿ.

ನಾನು ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವಳು. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಬಹುದು ಅಂತ ನನಗೆ ಹೇಳಿದ್ದು ಶಾಲೆಯಲ್ಲಿ ಕಲಿಸುವ ಒಬ್ಬ ಗಿರಾಕಿ ಅಕ್ಕೋರು. ಅರ್ಜಿಯನ್ನು ಒಂದು ಶಾಲೆಯ ಮೂಲಕವೇ ಹಾಕಬೇಕು. ಮೊದಲು ಹೋದ ಶಾಲೆಯಲ್ಲಿ, ‘ಈ ವಯಸ್ಸಿನಾಗ ಯಾಕ ಬೇಕ್ರಿ ನಿಮಗ ಇದೆಲ್ಲಾ’ ಅಂದು ಕಳಿಸಿದರು. ರಸ್ತೆಯಲ್ಲಿ ನಿಂತು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಎರಡನೇ ಶಾಲೆಯಲ್ಲಿ ಯಾರೂ ಏನೂ ಕೇಳಲಿಲ್ಲ, ಹಳೆ ಶಾಲೆಯ ಟಿಸಿ ತರಲು ಹೇಳಿದರು, ಅಷ್ಟೇ. ಫೀ ಕಟ್ಟಿದೆ. ಹದಿನೆಂಟು ಸಾಲಿನಲ್ಲಿ ಇದೇ ದೊಡ್ಡ ಮುಂಗಡ ಅನ್ನಿಸಿತು, ಯಾಕೆಂದರೆ ಇದು ಎಲ್ಲರಿಗೂ ಗೊತ್ತಾಯಿತು.

ಕನ್ನಡ, ಸಮಾಜ ಕಷ್ಟ ಆಗಲಿಲ್ಲ. ಇಂಗ್ಲಿಷಿಗೆ ಮಗಳು ಹೇಳಿಕೊಟ್ಟಳು. ಗಣಿತ ಮಾತ್ರ ಬೆಟ್ಟವಾಯಿತು. 2024ರ ಮಾರ್ಚಿನಲ್ಲಿ ಪರೀಕ್ಷೆ-1. ಕ್ಯಾಮೆರಾ ಇದ್ದ ಕೋಣೆ, ಸುತ್ತ ನನ್ನ ಮಗಳಿಗಿಂತ ಸಣ್ಣ ಮಕ್ಕಳು. ಮೇ 9ಕ್ಕೆ ರಿಸಲ್ಟ್ ಬಂತು. ಐದು ವಿಷಯ ಪಾಸು, ಗಣಿತದಲ್ಲಿ 22.

ಆ ವರ್ಷದಿಂದ ವರ್ಷಕ್ಕೆ ಮೂರು ಪರೀಕ್ಷೆ ಶುರುವಾಗಿದ್ದು ನನ್ನ ಪುಣ್ಯ. ಜೂನ್‌ನಲ್ಲಿ ಪರೀಕ್ಷೆ-2 ಇತ್ತು. ಕೈಯಲ್ಲಿ ಐದು ವಾರ. ಭಾರತ ಓದುವುದನ್ನು ಜನವರಿಯಲ್ಲೇ ನಿಲ್ಲಿಸಿದ್ದೆ, ಈಗ ಹೊಸ ಆರ್ಡರ್ ತೆಗೆದುಕೊಳ್ಳುವುದನ್ನೂ ನಿಲ್ಲಿಸಿದೆ. ಪುಸ್ತಕದ ಲೆಕ್ಕವನ್ನು ಬಟ್ಟೆಯ ಲೆಕ್ಕ ಮಾಡಿಕೊಂಡೆ. ಸಮಾಂತರ ಶ್ರೇಢಿ ಅಂದರೆ ನನಗೆ ಫ್ರಿಲ್ ಲಂಗ. ಮೇಲಿನ ಫ್ರಿಲ್ಲಿಗೆ 2 ಮೀಟರ್, ಆಮೇಲೆ ಪ್ರತಿಯೊಂದಕ್ಕೂ ಅರ್ಧ ಮೀಟರ್ ಜಾಸ್ತಿ, ಐದನೆಯದಕ್ಕೆ 4 ಮೀಟರ್. ಒಟ್ಟು ಎಷ್ಟು ಬಟ್ಟೆ? ಮೊದಲನೆಯದು, ಕೊನೆಯದು ಕೂಡಿಸಿದರೆ 6. ಅರ್ಧ ಮಾಡಿದರೆ 3. ಐದು ಫ್ರಿಲ್ಲಿಗೆ 15 ಮೀಟರ್. ಈ ಲೆಕ್ಕ ನಾನು ಇಪ್ಪತ್ತು ವರ್ಷದಿಂದ ಒಂದೊಂದಾಗಿ ಕೂಡಿಸಿ ಮಾಡುತ್ತಿದ್ದೆ. ಸೂತ್ರ ಅದನ್ನೇ ಒಂದೇ ಸಲ ಮಾಡುತ್ತದೆ ಅಂತ ತಿಳಿದ ದಿನ ಮೈ ಜುಮ್ಮೆಂದಿತು. ಸಮರೂಪ ತ್ರಿಭುಜ ಅಂದರೆ ಅಕ್ಕನ ಲಂಗದ ಕಳಿ (ಮೂರು ಮೂಲೆಯ ಬಟ್ಟೆ ತುಂಡು), ತಂಗಿಯ ಲಂಗದ ಕಳಿ. ಮೂಲೆಗಳು ಅವೇ, ಬದಿಗಳು ಮಾತ್ರ ಒಂದೇ ಪ್ರಮಾಣದಲ್ಲಿ ಸಣ್ಣದಾಗುತ್ತವೆ. ಪೇಪರ್ ಮೇಲೆ ಕಳಿ ಕತ್ತರಿಸಿ ಒಂದರ ಮೇಲೆ ಒಂದು ಇಟ್ಟು ಪ್ರಮೇಯ ಕಲಿತೆ. ಜುಲೈ 10ಕ್ಕೆ ರಿಸಲ್ಟ್. ಪಾಸಾಗಿದ್ದೆ. ಅಂಕಪಟ್ಟಿಯನ್ನು ಅಂಗಡಿ ಕೋಣೆಯಲ್ಲೇ ಗೋಡೆಗೆ ಹಾಕಿದ್ದೇನೆ.

ಊರು ನೋಡುವ ಸಾಲುಗಳಿಗೆ ಮೊದಲು ಬಸ್ ಖರ್ಚೇ ಅಡ್ಡ ಬರುತ್ತಿತ್ತು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆಮೇಲೆ ಕನಕದಾಸರ ಬಾಡಕ್ಕೂ ಕಾಗಿನೆಲೆಗೂ ಹೋಗಿ ಬಂದೆ, ಶಿಶುನಾಳಕ್ಕೆ ಹೋಗಿ ಬಂದೆ. ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ದೇಶದ ಬಾವುಟ ಹೊಲಿಯುವ ಖಾದಿ ಕೇಂದ್ರದ ಮುಂದೆ ನಿಂತೆ. ಲಕ್ಕುಂಡಿಗೆ ಮಾತ್ರ ನಡೆದೇ ಹೋಗಬೇಕು ಅಂತ ಬರೆದಿದ್ದೆ, ಸುಮಾರು 12 ಕಿಲೋಮೀಟರ್. ಒಬ್ಬ ಗೆಳತಿಗೆ ಮೊದಲೇ ಮಾತು ಕೊಟ್ಟಿದ್ದೆ. ದುಡ್ಡಿಲ್ಲದ ಕಡೆ ಮಾತೇ ಮುಂಗಡ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿಯ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಪೊನ್ನನ ಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ಹೆಣ್ಣುಮಗಳು ಅವಳು. ಸಾವಿರ! ಅದೂ ಕೈಯಲ್ಲಿ ಬರೆಯುವ ಕಾಲದಲ್ಲಿ. ಅವಳಿಗೂ ಯಾರೋ ಒಬ್ಬರು ಎಷ್ಟು ಆಯಿತು, ಎಷ್ಟು ಉಳಿಯಿತು ಅಂತ ಲೆಕ್ಕ ಇಟ್ಟಿರಬೇಕು ಅಂದುಕೊಂಡೆ.

ಕಪ್ಪತಗುಡ್ಡಕ್ಕೆ ಶ್ರಾವಣದಲ್ಲಿ ಹೋದೆ. ಗಾಳಿಗುಂಡಿ ಬಸವಣ್ಣನ ಹತ್ತಿರ ನಿಂತಾಗ ಗಾಳಿಗೆ ಸೆರಗು ನಿಲ್ಲಲಿಲ್ಲ. ಕೆಳಗೆಲ್ಲ ಹಸಿರು.

ಈಗ ಹದಿಮೂರು ಸಾಲಿಗೆ ಗೆರೆ ಬಿದ್ದಿದೆ. ಐದು ಉಳಿದಿವೆ. ಪೋಸ್ಟ್ ಆಫೀಸಿನ ಆರ್‌ಡಿ 2021ರ ನವೆಂಬರಿನಲ್ಲಿ ತೆಗೆದದ್ದು, ಐದು ವರ್ಷದ್ದು. ಅದಕ್ಕೆ ನಾನು ತಿಂಗಳಿಗೊಮ್ಮೆ ಕಟ್ಟುವುದು ಬಿಟ್ಟು ಏನೂ ಮಾಡುವ ಹಾಗಿಲ್ಲ.

ಕಸೂತಿ ನನ್ನನ್ನು ಎರಡು ಸಲ ಸೋಲಿಸಿದೆ. ಮಷೀನಿನ ಕೈಗೆ ಅದು ಬೇರೆಯದೇ ಕೆಲಸ. ಗುರುತು ಹಾಕಿಕೊಳ್ಳುವ ಹಾಗಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ ಹೊಲಿಗೆಯಲ್ಲಿ ದಾರ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬಬೇಕು, ಒಳಗೂ ಹೊರಗೂ ಒಂದೇ ಕಾಣಬೇಕು, ಗಂಟು ಕಾಣಬಾರದು. ಒಂದು ಎಳೆ ತಪ್ಪಿದರೆ ಬಿಚ್ಚಬೇಕು. ಮೊದಲ ಸಲ ಇಡೀ ಸೆರಗಿಗೆ ದಿನ ಹಾಕಿದ್ದೆ. ಎರಡನೇ ಸಲ ಅರ್ಧ ಸೆರಗಿಗೆ. ಎರಡೂ ಅಳತೆ ತಪ್ಪು. ಮೂರನೇ ಸಲ ಬರೆದದ್ದು: ಇಳಕಲ್ ಸೀರೆಯ ಸೆರಗಿನ ಒಂದು ಮೂಲೆ, ಒಂದೇ ಗೋಪುರದ ಚಿತ್ತಾರ, ಗವಂತಿ ಮತ್ತು ಮೆಟ್ಟಿಲಿನ ಹಾಗೆ ಹೋಗುವ ಮುರಗಿ ಎರಡೇ ಹೊಲಿಗೆ, ಬುಧವಾರ ಮತ್ತು ಶನಿವಾರ ಮಧ್ಯಾಹ್ನ ಒಂದೊಂದು ತಾಸು. ಕಲಿಸುವ ಅಜ್ಜಿಗೆ ಎರಡು ಜಂಪರ್ ಹೊಲಿದು ಕೊಟ್ಟಿದ್ದೇನೆ, ಅದು ಮುಂಗಡ. ಕೊಡುವ ದಿನ ಯುಗಾದಿ. ಗೋಪುರದ ಕೆಳಗಿನ ಮೂರು ಮೆಟ್ಟಿಲು ಆಗಿವೆ.